ನಲವತ್ತು ಜನರ ಗುಂಪಿಗೆ ದೆಹಲಿ ಪ್ರವಾಸ: ಸೋಮವಾರದ ಲೆಕ್ಕದಿಂದ ಶುರುಮಾಡಿ

ಗುಂಪು ಕಟ್ಟಿಕೊಂಡು ದೆಹಲಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಕೆಂಪುಕೋಟೆಯನ್ನು ಹೊರಗಿನಿಂದ ನೋಡಿದೆವು ಅಂತಾರೆ. ಇಂಡಿಯಾ ಗೇಟ್ ಬಸ್ಸಿನ ಕಿಟಕಿಯಿಂದ ಕಂಡಿತು ಅಂತಾರೆ. ಗಾಂಧೀಜಿ ಗುಂಡೇಟಿಗೆ ಬಿದ್ದ ಜಾಗಕ್ಕೆ ಹೋಗಿದ್ದಿರಾ ಎಂದರೆ, ರಾಜಘಾಟ್ ನೋಡಿದೆವಲ್ಲ ಅನ್ನುತ್ತಾರೆ. ಅದು ಬೇರೆ, ಇದು ಬೇರೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಖರ್ಚು ಮಾಡಿದ್ದಾರೆ, ಎರಡು ರಾತ್ರಿ ರೈಲಿನಲ್ಲಿ ಕೂತು ಹೋಗಿದ್ದಾರೆ. ಆದರೂ ಕೈಗೆ ಸಿಕ್ಕಿದ್ದು ಕಡಿಮೆ. ಕಾರಣ ಸೋಮಾರಿತನ ಅಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಜಾಗಗಳ ಪಟ್ಟಿ ಬರೆಯುತ್ತಾರೆ, ಆಮೇಲೆ ಟಿಕೆಟ್ ಮಾಡಿಸುತ್ತಾರೆ, ಯಾವ ದಿನ ಯಾವುದು ತೆರೆದಿರುತ್ತದೆ ಎಂದು ಅಲ್ಲಿಗೆ ಹೋದ ಮೇಲೆ ಕೇಳುತ್ತಾರೆ.

ನಾನು ಹೈಸ್ಕೂಲು ಮಕ್ಕಳನ್ನೂ ನಮ್ಮ ಬಡಾವಣೆಯ ಹಿರಿಯರನ್ನೂ ಬೇರೆ ಬೇರೆ ಸಲ ಕರೆದುಕೊಂಡು ಹೋಗಿದ್ದೇನೆ. ಮೊದಲ ಸಲ ನಲವತ್ತೆರಡು ಜನರನ್ನು ಕೆಂಪುಕೋಟೆಯ ಮುಂದೆ ಇಳಿಸಿದಾಗ ಬಾಗಿಲು ಹಾಕಿತ್ತು. ಸೋಮವಾರ. ಅಲ್ಲಿಂದ ಗಾಂಧೀಜಿ ಗುಂಡೇಟಿಗೆ ಬಿದ್ದ ಮನೆ, ಗಾಂಧಿ ಸ್ಮೃತಿಗೆ ಹೋದೆವು, ಅದೂ ಮುಚ್ಚಿತ್ತು. ಹಳ್ಳಿಯಿಂದ ಬಂದ ಒಬ್ಬ ಅಜ್ಜ ಕೋಟೆಯ ಗೋಡೆಗೆ ಕೈಮುಗಿದು ಬಸ್ಸು ಹತ್ತಿದರು. ಅವರು ಇನ್ನೊಂದು ಸಲ ದೆಹಲಿಗೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಒಂದನೆಯದಕ್ಕಿಂತ ಮುಂಚೆ ಮಾಡಿದರೆ ಕೆಲಸ ಕೆಡುತ್ತದೆ.

ಮೊದಲು ಕೈಯಲ್ಲಿರಬೇಕಾದ ಸಾಮಾನು

ದೆಹಲಿಯ ಒಂದು ದೊಡ್ಡ ನಕ್ಷೆ, ಕಾಗದದ್ದು. ಮೆಟ್ರೋ ನಕ್ಷೆಯ ಪ್ರತಿ, ಏಳೆಂಟು. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್. ಎಲ್ಲರ ಆಧಾರ್ ಜೆರಾಕ್ಸ್ ಇರುವ ಫೈಲು. ದೂರದಿಂದ ಕಾಣುವ ಬಣ್ಣದ ಒಂದು ಬಾವುಟ ಅಥವಾ ಶಲ್ಯ, ಕೋಲಿಗೆ ಕಟ್ಟಲು. ಪವರ್ ಬ್ಯಾಂಕ್ ಎರಡು. ಜ್ವರ, ವಾಂತಿ, ಬೇಧಿಯ ಮಾತ್ರೆ, ಓಆರ್‌ಎಸ್ ಪುಡಿ, ಬ್ಯಾಂಡೇಜು.

ಫೋನಿನಲ್ಲೇ ಎಲ್ಲ ಇದೆ ಎಂದು ಕಾಗದದ ನಕ್ಷೆ ಬಿಡಬೇಡಿ. ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಾಲ್ಕು ಜನ ಸುತ್ತ ನಿಂತಾಗಲೇ ಯಾವುದು ಯಾವುದಕ್ಕೆ ಹತ್ತಿರ ಎಂದು ಗೊತ್ತಾಗುವುದು.

ಹಂತ 1: ತಿಂಗಳು ಗೊತ್ತುಮಾಡಿ

ಫೆಬ್ರವರಿ ಮೊದಲ ವಾರದಿಂದ ಮಾರ್ಚ್ ಮಧ್ಯದವರೆಗೆ ಒಳ್ಳೆಯ ಕಾಲ. ಚಳಿ ಇಳಿದಿರುತ್ತದೆ, ಬಿಸಿಲು ಏರಿರುವುದಿಲ್ಲ.

ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು. ಉತ್ತರಕ್ಕೆ ಹೋಗುವ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಶಾಲೆಯ ಪ್ರವಾಸ ಡಿಸೆಂಬರಿನಲ್ಲೇ ಆಗಬೇಕು ಎಂದಿದ್ದರೆ ತಿಂಗಳ ಮೊದಲ ಭಾಗ ಹಿಡಿಯಿರಿ, ತಲುಪುವ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ಅಕ್ಟೋಬರ್ ಕೊನೆಯಿಂದ ನವೆಂಬರ್ ತನಕ ಹೊಗೆಯ ಕಾಟ. ಉಬ್ಬಸ ಇರುವವರು ಗುಂಪಿನಲ್ಲಿದ್ದರೆ ಆ ತಿಂಗಳು ಬೇಡವೇ ಬೇಡ. ಏಪ್ರಿಲ್‌ನಿಂದ ಜೂನ್‌ವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ.

ತುಂಬಾ ಜನ ಎಡವುವುದು ಇಲ್ಲಿ: ದೇಶಭಕ್ತಿಯ ಪ್ರವಾಸ ಅಲ್ವಾ, ಗಣರಾಜ್ಯೋತ್ಸವಕ್ಕೋ ಸ್ವಾತಂತ್ರ್ಯ ದಿನಕ್ಕೋ ಹೋಗೋಣ ಅಂದುಕೊಳ್ಳುತ್ತಾರೆ. ಆ ದಿನಗಳಲ್ಲೇ ಜಾಗಗಳು ಕೈಗೆ ಸಿಗುವುದಿಲ್ಲ. ಜನವರಿಯ ಕೊನೆಯ ಭಾಗದಲ್ಲಿ ಪಥಸಂಚಲನದ ತಾಲೀಮಿಗಾಗಿ ಕರ್ತವ್ಯ ಪಥದ ಸುತ್ತ ರಸ್ತೆ ಬಂದ್ ಆಗುತ್ತಿರುತ್ತದೆ. ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ 29ರ ಸೇನಾ ಸಮಾರಂಭ, ಬೀಟಿಂಗ್ ರಿಟ್ರೀಟ್, ಮುಗಿಯುವ ತನಕ ಇದೇ ಕಥೆ. ಆಗಸ್ಟ್ 15ಕ್ಕೆ ಮುಂಚೆ ಭದ್ರತೆಗಾಗಿ ಕೆಂಪುಕೋಟೆ ಮುಚ್ಚಿರುತ್ತದೆ. ಪಥಸಂಚಲನ ನೋಡುವುದೇ ಗುರಿಯಾದರೆ ಅದನ್ನೊಂದೇ ನೋಡಲು ಹೋಗಿ. ಸ್ಮಾರಕಗಳನ್ನು ನೋಡಬೇಕಾದರೆ ಮಾಮೂಲಿ ವಾರ ಆರಿಸಿ.

ಹಂತ 2: ಸೋಮವಾರವನ್ನು ರೈಲಿನಲ್ಲಿ ಕಳೆಯಿರಿ

ಇದೊಂದು ಹಂತ ಸರಿಯಾದರೆ ಅರ್ಧ ಪ್ರವಾಸ ಗೆದ್ದ ಹಾಗೆ.

ಸೋಮವಾರ ಮುಚ್ಚಿರುವವು: ಕೆಂಪುಕೋಟೆ, ಗಾಂಧಿ ಸ್ಮೃತಿ, ರಾಜಘಾಟ್ ಎದುರಿನ ರಾಷ್ಟ್ರೀಯ ಗಾಂಧಿ ವಸ್ತುಸಂಗ್ರಹಾಲಯ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ, ಅಲಿಪುರ ರಸ್ತೆಯ ಅಂಬೇಡ್ಕರ್ ಸ್ಮಾರಕ, ರಾಷ್ಟ್ರಪತಿ ಭವನದ ಪ್ರವಾಸ. ನೀವು ನೋಡಬೇಕೆಂದಿರುವ ಹೆಚ್ಚಿನದೆಲ್ಲ ಇದರಲ್ಲೇ ಬಂತು. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಇಂಡಿಯಾ ಗೇಟ್, ರಾಷ್ಟ್ರೀಯ ಯುದ್ಧ ಸ್ಮಾರಕ ಸೋಮವಾರವೂ ತೆರೆದಿರುತ್ತವೆ.

ಬೆಂಗಳೂರಿನಿಂದ ರೈಲಿಗೆ ಎರಡು ರಾತ್ರಿ ಬೇಕು. ಹಾಗಾದರೆ ಭಾನುವಾರ ಸಂಜೆ ಹೊರಡಿ. ಸೋಮವಾರ ಪೂರ್ತಿ ರೈಲಿನಲ್ಲೇ ಕಳೆಯುತ್ತದೆ. ಮಂಗಳವಾರ ಬೆಳಿಗ್ಗೆ ದೆಹಲಿ. ಮಂಗಳ, ಬುಧ, ಗುರು, ಶುಕ್ರ ನಾಲ್ಕು ದಿನ ನಿಮ್ಮ ಕೈಯಲ್ಲಿ. ಶುಕ್ರವಾರ ರಾತ್ರಿ ರೈಲು ಹತ್ತಿದರೆ ಭಾನುವಾರ ಬೆಂಗಳೂರು. ಒಂದು ಭಾನುವಾರದಿಂದ ಇನ್ನೊಂದು ಭಾನುವಾರಕ್ಕೆ ಪ್ರವಾಸ ಮುಗಿಯುತ್ತದೆ. ಶಾಲೆಗೂ ರಜೆ ಹಾಕುವವರಿಗೂ ಲೆಕ್ಕ ಸುಲಭ.

ಆಗ್ರಾ ಸೇರಿಸೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ತಾಜ್‌ಮಹಲ್ ಶುಕ್ರವಾರ ಮುಚ್ಚಿರುತ್ತದೆ, ನೆನಪಿರಲಿ. ಅದೂ ಅಲ್ಲದೆ ಆಗ್ರಾ ಎಂದರೆ ಬೆಳಗಿನಿಂದ ರಾತ್ರಿವರೆಗೆ ಒಂದು ಇಡೀ ದಿನ. ಸೇರಿಸುವುದಾದರೆ ಒಂದು ದಿನ ಹೆಚ್ಚಿಸಿ. ದೆಹಲಿಯ ಒಂದು ದಿನವನ್ನು ಕಿತ್ತು ಕೊಡಬೇಡಿ.

ಹಂತ 3: ಹೆಸರು, ಹಣ, ಕಾಗದ

ತಿಂಗಳು, ವಾರ ನಿಕ್ಕಿಯಾದ ಮೇಲೆ ಹೆಸರು ಬರೆಸಿಕೊಳ್ಳಿ. "ಬರ್ತೀನಿ" ಎಂದು ಬಾಯಿಮಾತಿನಲ್ಲಿ ಹೇಳಿದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂಗಡ ಕೊಟ್ಟು, ಆಧಾರ್ ಪ್ರತಿ ಕೊಟ್ಟವರು ಮಾತ್ರ ಪಟ್ಟಿಯಲ್ಲಿ. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆದುಕೊಳ್ಳಿ. ಊರಲ್ಲಿ ಕರೆಯುವ ಹೆಸರಿನಲ್ಲಿ ಟಿಕೆಟ್ ಮಾಡಿಸಿ, ಗೇಟಿನಲ್ಲಿ ತಡೆದಾಗ ಪರದಾಡಿದವರನ್ನು ಕಂಡಿದ್ದೇನೆ.

ಶಾಲೆಯ ಗುಂಪಾದರೆ ಶಿಕ್ಷಣ ಇಲಾಖೆಯ ಅನುಮತಿ, ಪ್ರತಿ ಮಗುವಿನ ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ, ಹೆಣ್ಣುಮಕ್ಕಳಿದ್ದರೆ ಜೊತೆಗೆ ಶಿಕ್ಷಕಿಯರು, ಈ ಮೂರೂ ಇಲ್ಲದೆ ಮುಂಗಡ ತೆಗೆದುಕೊಳ್ಳಬೇಡಿ.

ಖರ್ಚನ್ನು ರೈಲು, ವಸತಿ, ಊಟ, ಒಳಗಿನ ಓಡಾಟ, ಪ್ರವೇಶ ಎಂದು ಬೇರೆ ಬೇರೆ ಬರೆಯಿರಿ. ದೇಶಭಕ್ತಿಯ ಜಾಗಗಳ ಒಳ್ಳೆಯ ಗುಣ ಎಂದರೆ ಪ್ರವೇಶದ ಖರ್ಚು ಬಹಳ ಕಡಿಮೆ. ಯುದ್ಧ ಸ್ಮಾರಕ, ಗಾಂಧಿ ಸ್ಮೃತಿ, ರಾಜಘಾಟ್ ಉಚಿತ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ವಯಸ್ಸಿನ ದಾಖಲೆ ಮಾತ್ರ ಇರಲಿ. ದುಡ್ಡು ಹೋಗುವುದು ಓಡಾಟಕ್ಕೆ ಮತ್ತು ಊಟಕ್ಕೆ. ಒಟ್ಟು ಲೆಕ್ಕದ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಬೇರೆ ಕವರಿನಲ್ಲಿಡಿ. ಯಾರಿಗಾದರೂ ಹುಷಾರು ತಪ್ಪಿದರೆ ಆ ಕವರು ಕಾಪಾಡುತ್ತದೆ.

ಹಂತ 4: ರೈಲು

ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ. ಮೊದಲು 120 ದಿನ ಇತ್ತು, 2024ರ ನವೆಂಬರಿನಿಂದ ಬದಲಾಗಿದೆ. ಹಳೆಯ ಲೆಕ್ಕ ಹಿಡಿದು ಕೂರಬೇಡಿ.

ಆನ್‌ಲೈನ್‌ನಲ್ಲಿ ಒಂದು ಟಿಕೆಟ್‌ನಲ್ಲಿ ಆರು ಜನ ಮಾತ್ರ. ನಲವತ್ತೆರಡು ಜನಕ್ಕೆ ಏಳು ಟಿಕೆಟ್ ಬೇಕು. ಒಬ್ಬರೇ ಕೂತು ಒಂದಾದ ಮೇಲೊಂದು ಮಾಡಿದರೆ ನಾಲ್ಕನೆಯದು ಬರುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಎರಡು ದಾರಿ ಇದೆ. ಏಳು ಜನ ಏಳು ಕಡೆ ಕೂತು ಒಂದೇ ಹೊತ್ತಿಗೆ ಮಾಡುವುದು ಒಂದು. ಪಟ್ಟಿ ಮತ್ತು ಮನವಿ ಪತ್ರ ಹಿಡಿದು ದೊಡ್ಡ ಸ್ಟೇಷನ್ನಿನ ರಿಸರ್ವೇಶನ್ ಮೇಲ್ವಿಚಾರಕರನ್ನು ಮುಂಚೆಯೇ ಕಂಡು ಗುಂಪು ಬುಕಿಂಗ್ ಕೇಳುವುದು ಇನ್ನೊಂದು. ಶಾಲೆಯವರು ಎರಡನೆಯದನ್ನೇ ಮಾಡಿ. ವಿದ್ಯಾರ್ಥಿಗಳ ರಿಯಾಯಿತಿಯನ್ನೂ ಅಲ್ಲೇ ವಿಚಾರಿಸಿ.

ಕರ್ನಾಟಕ ಎಕ್ಸ್‌ಪ್ರೆಸ್ ನವದೆಹಲಿ ಸ್ಟೇಷನ್ನಿಗೆ ಹೋಗುತ್ತದೆ, ರಾಜಧಾನಿ ನಿಜಾಮುದ್ದೀನ್‌ಗೆ. ಸ್ಟೇಷನ್ ಯಾವುದು ಎಂದು ನೋಡಿಕೊಂಡೇ ವಸತಿ ಹುಡುಕಿ. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ಬರುವ ಟಿಕೆಟ್ ಮರೆಯಬೇಡಿ. ಅದರ ಬುಕಿಂಗ್ ಐದು ದಿನ ಬಿಟ್ಟು ತೆರೆಯುತ್ತದೆ. ಕ್ಯಾಲೆಂಡರ್‌ನಲ್ಲಿ ಕೆಂಪು ಗುರುತು ಹಾಕಿ.

ಹಂತ 5: ಅನುಮತಿಗಳು

ರಾಷ್ಟ್ರಪತಿ ಭವನಕ್ಕೆ ಅದರದೇ ವೆಬ್‌ಸೈಟಿನಲ್ಲಿ ದಿನ ಮತ್ತು ಹೊತ್ತು ಕಾಯ್ದಿರಿಸಬೇಕು. ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ತುಂಬಬೇಕು. ಒಂದು ಹೊತ್ತಿಗೆ ಇಂತಿಷ್ಟೇ ಜನ ಎಂದಿರುವುದರಿಂದ ನಲವತ್ತು ಜನರಿಗೆ ಒಟ್ಟಿಗೆ ಸಿಗದೇ ಇರಬಹುದು. ಗುಂಪನ್ನು ಎರಡು ಮಾಡಿ, ಬೆನ್ನುಬೆನ್ನಿಗೆ ಇರುವ ಎರಡು ಹೊತ್ತು ಹಿಡಿಯಿರಿ. ಹೋಗುವ ದಿನ ಎಲ್ಲರ ಕೈಯಲ್ಲೂ ಅಸಲಿ ಗುರುತಿನ ಚೀಟಿ ಇರಬೇಕು, ಜೆರಾಕ್ಸ್ ಸಾಲದು.

ಸಂಸತ್ ಭವನ ನೋಡಬೇಕಾದರೆ ನಿಮ್ಮ ಕ್ಷೇತ್ರದ ಸಂಸದರ ಕಚೇರಿಯ ಮೂಲಕ ಹೋಗಿ. ಹೆಸರಿನ ಪಟ್ಟಿ, ಆಧಾರ್ ವಿವರ, ದಿನಾಂಕ ಎಲ್ಲ ಬರೆದು ತಿಂಗಳ ಮುಂಚೆ ಪತ್ರ ಕೊಡಿ, ವಾರಕ್ಕೊಮ್ಮೆ ಫೋನ್ ಮಾಡಿ ಕೇಳಿ. ಇದು ಸಿಕ್ಕರೆ ಸಿಕ್ಕಿತು. ಸಿಗುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿ ಆಸೆ ಹುಟ್ಟಿಸಬೇಡಿ.

ಕೆಂಪುಕೋಟೆಯ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಕೌಂಟರಿನ ಸಾಲು ಉಳಿಯುತ್ತದೆ.

ಹಂತ 6: ವಸತಿ, ಓಡಾಟ

ರೂಮಿನ ಅಂದಕ್ಕಿಂತ ಮೆಟ್ರೋ ಎಷ್ಟು ಹತ್ತಿರ ಎಂದು ನೋಡಿ. ಕರೋಲ್ ಬಾಗ್, ಪಹಾಡ್‌ಗಂಜ್ ಕಡೆ ಗುಂಪಿಗೆ ಆಗುವ ಹೋಟೆಲು ಬೇಕಾದಷ್ಟಿವೆ. ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ಬೆಳಿಗ್ಗೆ ಐದೂವರೆಗೆ ನಲವತ್ತು ಜನಕ್ಕೆ ಬಿಸಿನೀರು ಬರುತ್ತದಾ? ದೊಡ್ಡ ಬಸ್ಸು ಬಾಗಿಲ ತನಕ ಬರುತ್ತದಾ? ರಾತ್ರಿ ಅನ್ನ ಮೊಸರು ಮಾಡಿಕೊಡುತ್ತಾರಾ? ಮೂರನೆಯದನ್ನು ಹಗುರ ಮಾಡಬೇಡಿ. ನಾಲ್ಕನೆಯ ದಿನಕ್ಕೆ ಹಿರಿಯರಿಗೆ ಚಪಾತಿ, ದಾಲ್ ಸಾಕುಸಾಕಾಗಿರುತ್ತದೆ. ಒಂದು ಡಬ್ಬಿ ಚಟ್ನಿಪುಡಿ, ಒಂದು ಸೀಸೆ ಉಪ್ಪಿನಕಾಯಿ ಊರಿಂದಲೇ ತನ್ನಿ.

ಹಳೆ ದೆಹಲಿಗೆ ಮೆಟ್ರೋ, ಹೊಸ ದೆಹಲಿಗೆ ಬಸ್ಸು. ಇದು ನನ್ನ ಲೆಕ್ಕ. ಚಾಂದನಿ ಚೌಕ್‌ನ ಮುಖ್ಯ ರಸ್ತೆಗೆ ಹಗಲು ಹೊತ್ತು ಮೋಟಾರು ವಾಹನ ಬಿಡುವುದಿಲ್ಲ. ಆದರೆ ಲಾಲ್ ಕಿಲಾ ಸ್ಟೇಷನ್ ಕೋಟೆಯ ಹತ್ತಿರವೇ ಇದೆ. ಇಂಡಿಯಾ ಗೇಟ್ ಪಕ್ಕದಲ್ಲಿ ಮೆಟ್ರೋ ಇಲ್ಲ. ಸೆಂಟ್ರಲ್ ಸೆಕ್ರೆಟರಿಯೇಟ್‌ನಲ್ಲಿ ಇಳಿದರೆ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ನಡಿಗೆ. ಮಂಡಿನೋವಿನವರನ್ನು ಅಷ್ಟು ನಡೆಸಬೇಡಿ.

ಬಸ್ಸು ಗೊತ್ತುಮಾಡುವಾಗ ಜಾಗಗಳ ಹೆಸರನ್ನು ಕಾಗದದಲ್ಲಿ ಬರೆದುಕೊಟ್ಟು ಬಾಡಿಗೆ ಮಾತಾಡಿ. "ಒಂದೇ ದಿನದಲ್ಲಿ ಹನ್ನೆರಡು ಪಾಯಿಂಟ್ ತೋರಿಸ್ತೀವಿ" ಎಂದರೆ ಕಿಟಕಿಯಿಂದ ತೋರಿಸುತ್ತಾರೆ ಎಂದೇ ಅರ್ಥ. ನಡುವೆ ಯಾವುದೋ ಶಾಲು, ಕರಕುಶಲ ಅಂಗಡಿಯ ಮುಂದೆ ಗಾಡಿ ನಿಲ್ಲುತ್ತದೆ. ಅಲ್ಲಿ ಒಂದೂವರೆ ಗಂಟೆ ಹೋಯಿತೆಂದರೆ ಗಾಂಧಿ ಸ್ಮೃತಿ ಮುಚ್ಚುವ ಹೊತ್ತಾಗಿರುತ್ತದೆ. ಅಂಗಡಿಗೆ ನಿಲ್ಲಿಸುವುದಿಲ್ಲ ಎಂದು ಮೊದಲೇ ಒಪ್ಪಿಸಿಕೊಳ್ಳಿ.

ಹಂತ 7: ದಿನಗಳಿಗೆ ಜಾಗ ಹಂಚಿ

ಈಗ ಬಂತು ಪಟ್ಟಿ ಬರೆಯುವ ಹೊತ್ತು. ನಿಯಮ ಒಂದೇ. ದಿನಕ್ಕೆ ದೊಡ್ಡ ಜಾಗ ಎರಡು, ಹೆಚ್ಚೆಂದರೆ ಮೂರು. ನಲವತ್ತು ಜನ ಬಸ್ಸಿನಿಂದ ಇಳಿದು, ಶೌಚಾಲಯಕ್ಕೆ ಹೋಗಿ ಬಂದು, ತಪಾಸಣೆ ದಾಟಿ ಒಳಗೆ ಸೇರಲು ಮುಕ್ಕಾಲು ಗಂಟೆ ಬೇಕು. ಈ ಮುಕ್ಕಾಲು ಗಂಟೆಯನ್ನು ಪ್ರತಿ ಜಾಗಕ್ಕೂ ಸೇರಿಸಿ ಬರೆದು ನೋಡಿ. ಐದು ಜಾಗ ಹಾಕಿದ್ದ ಪಟ್ಟಿ ತಾನೇ ಮೂರಕ್ಕೆ ಇಳಿಯುತ್ತದೆ.

*ಮಂಗಳವಾರ: ಗಾಂಧಿ ಸ್ಮೃತಿ ಮಾತ್ರ*

ಎರಡು ರಾತ್ರಿ ರೈಲಿನಲ್ಲಿ ಕೂತು ಬಂದ ಮೈ. ಸ್ನಾನ, ತಿಂಡಿ, ಒಂದು ನಿದ್ದೆ. ಊಟ ಮುಗಿಸಿ ಎರಡು ಗಂಟೆಗೆ ಹೊರಡಿ. ಸಂಜೆ ಐದಕ್ಕೆ ಮುಚ್ಚುತ್ತದೆ, ಆದ್ದರಿಂದ ಇದಕ್ಕಿಂತ ತಡ ಬೇಡ.

ತೀಸ್ ಜನವರಿ ಮಾರ್ಗದ ಈ ಮನೆ ಆಗ ಬಿರ್ಲಾ ಹೌಸ್. ಗಾಂಧೀಜಿ ಕೊನೆಯ 144 ದಿನ ಇದ್ದದ್ದು ಇಲ್ಲೇ. ಕೋಣೆಯಿಂದ ಪ್ರಾರ್ಥನೆಯ ಜಾಗಕ್ಕೆ ಅವರು ನಡೆದ ದಾರಿಯಲ್ಲಿ ಹೆಜ್ಜೆಗಳ ಅಚ್ಚು ಹಾಕಿದ್ದಾರೆ. ಗುಂಪನ್ನು ಅದರ ಪಕ್ಕದಲ್ಲಿ ಒಬ್ಬರ ಹಿಂದೊಬ್ಬರಂತೆ ನಿಧಾನವಾಗಿ ನಡೆಸಿ. ಮಾತು ಬೇಡ, ಫೋಟೋ ಆಮೇಲೆ. ಹೆಜ್ಜೆಗಳು ಹೋಗುತ್ತಾ ಹೋಗುತ್ತಾ ಒಂದು ಕಡೆ ನಿಲ್ಲುತ್ತವೆ. ಅಲ್ಲಿಂದ ಮುಂದೆ ಹೆಜ್ಜೆ ಇಲ್ಲ. ನಮ್ಮ ಗುಂಪಿನ ಒಬ್ಬ ಏಳನೇ ಕ್ಲಾಸಿನ ಹುಡುಗಿ ಆ ಕೊನೆಯ ಹೆಜ್ಜೆಯ ಪಕ್ಕ ಕೂತು ಕೈಯಲ್ಲಿ ಅಳತೆ ನೋಡಿದಳು. "ಇಷ್ಟೇನಾ ಸರ್ ಪಾದ?" ಅಂದಳು. ಪಾಠದಲ್ಲಿ ನಾನು ಇಪ್ಪತ್ತು ಸಲ ಹೇಳಿದ್ದು ಅವಳಿಗೆ ಆ ಅಳತೆಯಲ್ಲಿ ತಲುಪಿತು.

ಒಂದೂವರೆ ಗಂಟೆ ಕೊಡಿ. ಇನ್ನೊಂದು ಜಾಗ ತುರುಕಬೇಡಿ. ಒಂಬತ್ತಕ್ಕೆ ಎಲ್ಲರೂ ಮಲಗಲಿ.

*ಬುಧವಾರ: ಕೆಂಪುಕೋಟೆ, ಸೀಸ್‌ಗಂಜ್, ರಾಜಘಾಟ್*

ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ಸಾಲಿನಲ್ಲಿರಿ. ಮಧ್ಯಾಹ್ನದ ಮೇಲೆ ಜನ ಜಾಸ್ತಿ. ಒಳಗೆ ಹೋದವರು ಅರಮನೆಗಳನ್ನು ನೋಡಿ ಹೊರಗೆ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಬ್ಯಾರಕ್ಕುಗಳಲ್ಲಿರುವ ವಸ್ತುಸಂಗ್ರಹಾಲಯಗಳಿಗೆ ಸಮಯ ಇಡಿ. ನೇತಾಜಿ ಮತ್ತು ಆಜಾದ್ ಹಿಂದ್ ಫೌಜಿನದು ಒಂದು, 1857ರದು ಒಂದು, ಜಲಿಯನ್‌ವಾಲಾ ಬಾಗ್‌ನದು ಒಂದು. 1945ರಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ನಡೆದದ್ದು ಇದೇ ಕೋಟೆಯಲ್ಲಿ. ಅದಕ್ಕೂ ಮುಂಚೆ 1858ರಲ್ಲಿ ಕೊನೆಯ ಮೊಘಲ್ ಬಾದಶಹ ಬಹಾದುರ್ ಶಾ ಜಫರ್‌ನನ್ನು ಅವನದೇ ದಿವಾನ್-ಎ-ಖಾಸ್‌ನಲ್ಲಿ ಕೂರಿಸಿ ಇಂಗ್ಲಿಷರು ವಿಚಾರಣೆ ನಡೆಸಿದರು. ಆ ಮಂಟಪದ ಮುಂದೆ ನಿಂತು ಇದನ್ನು ಹೇಳಿ. ಸ್ವತಂತ್ರ ಭಾರತದ ಬಾವುಟ ಈ ಕೋಟೆಯ ಮೇಲೆ ಮೊದಲು ಏರಿದ್ದು 1947ರ ಆಗಸ್ಟ್ 16ರಂದು. 15 ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ. ಮಕ್ಕಳು ಇದನ್ನು ಮರೆಯುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ಚಾಂದನಿ ಚೌಕ್‌ನ ಸೀಸ್‌ಗಂಜ್ ಗುರುದ್ವಾರದ ಲಂಗರ್, ಅಂದರೆ ಎಲ್ಲರಿಗೂ ಬಡಿಸುವ ಉಚಿತ ಊಟ. 1675ರಲ್ಲಿ ಸಿಖ್ಖರ ಗುರು ತೇಗ್ ಬಹಾದುರ್ ಪ್ರಾಣ ಕೊಟ್ಟ ಜಾಗ ಅದು. ತಲೆಗೆ ಬಟ್ಟೆ ಕಟ್ಟಲೇಬೇಕು, ಚಪ್ಪಲಿ ಹೊರಗೆ. ಎಷ್ಟು ಜನ ಬರುತ್ತೇವೆ ಎಂದು ಒಬ್ಬರು ಮುಂದೆ ಹೋಗಿ ತಿಳಿಸಲಿ. ಊಟವಾದ ಮೇಲೆ ಹತ್ತು ಜನ ಪಾತ್ರೆ ತೊಳೆಯಲು ಕೈಹಾಕಲಿ, ಸುಮ್ನೆ ಉಂಡು ಎದ್ದು ಬರಬೇಡಿ.

ರಾಜಘಾಟ್‌ಗೆ ಮೂರೂವರೆಯ ಮೇಲೆ. ಚಪ್ಪಲಿ ಬಿಟ್ಟು ನಡೆಯಬೇಕು. ನಡುಬಿಸಿಲಿನಲ್ಲಿ ಕಲ್ಲು ಕಾದಿರುತ್ತದೆ, ಹಿರಿಯರು ಕಾಲು ಊರಲಾರರು. ಮೊದಲ ದಿನ ಗಾಂಧೀಜಿ ಬಿದ್ದ ಜಾಗ, ಮರುದಿನ ಅವರನ್ನು ದಹಿಸಿದ ಜಾಗ. ಈ ಕ್ರಮ ತಿರುಗಿಸಬೇಡಿ. ಹೊತ್ತಿದ್ದರೆ ಎದುರಿನ ಗಾಂಧಿ ವಸ್ತುಸಂಗ್ರಹಾಲಯ. ವಿದೇಶಿ ಅತಿಥಿಗಳು ಬರುವ ದಿನ ರಾಜಘಾಟ್‌ಗೆ ಸ್ವಲ್ಪ ಹೊತ್ತು ಯಾರನ್ನೂ ಬಿಡುವುದಿಲ್ಲ. ಹಿಂದಿನ ರಾತ್ರಿಯ ಸುದ್ದಿ ನೋಡಿಕೊಳ್ಳಿ.

*ಗುರುವಾರ: ರಾಷ್ಟ್ರಪತಿ ಭವನ, ತೀನ್ ಮೂರ್ತಿ, ಯುದ್ಧ ಸ್ಮಾರಕ*

ಬೆಳಿಗ್ಗೆ ರಾಷ್ಟ್ರಪತಿ ಭವನ. ಮಧ್ಯಾಹ್ನ ಪ್ರಧಾನಮಂತ್ರಿ ಸಂಗ್ರಹಾಲಯ. ದೊಡ್ಡದು, ಎಲ್ಲ ನೋಡಲು ಆಗದು. ನಮ್ಮವರಾದ ದೇವೇಗೌಡರ ಭಾಗವನ್ನು ಮಾತ್ರ ತಪ್ಪಿಸಬೇಡಿ. ಹಿರಿಯರು ಅಲ್ಲಿ ಹುಡುಕಿಕೊಂಡು ಹೋಗುತ್ತಾರೆ.

ನಾಲ್ಕೂವರೆಗೆ ಇಂಡಿಯಾ ಗೇಟ್. ಸೀದಾ ಹಿಂದಿನ ಮೇಲ್ಛತ್ರಿಯ ಕೆಳಗಿರುವ ನೇತಾಜಿಯ ಪ್ರತಿಮೆಗೆ ಹೋಗಿ. 28 ಅಡಿಯ ಕಪ್ಪು ಗ್ರಾನೈಟ್, 2022ರ ಸೆಪ್ಟೆಂಬರ್ 8ರಂದು ಅನಾವರಣವಾದದ್ದು. ಕೆತ್ತಿದ ತಂಡದ ಮುಂದಾಳು ಮೈಸೂರಿನ ಅರುಣ್ ಯೋಗಿರಾಜ್ ಎಂದು ಹೇಳಿ ನೋಡಿ, ಮಕ್ಕಳು ಇನ್ನೊಂದು ಸುತ್ತು ಹಾಕುತ್ತಾರೆ.

ಆಮೇಲೆ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾಯಿತು. ಇಂಡಿಯಾ ಗೇಟ್ ಕೆಳಗೆ 1972ರಿಂದ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿಯಲ್ಲಿ ಇಲ್ಲಿನ ಜ್ಯೋತಿಯೊಂದಿಗೆ ಸೇರಿಸಿದರು. ಈಗಲೂ ಗೇಟ್ ಕೆಳಗೆ ಜ್ಯೋತಿ ಹುಡುಕುವವರಿದ್ದಾರೆ. ಒಂದರೊಳಗೊಂದು ನಾಲ್ಕು ಚಕ್ರ: ಹೊರಗಿನಿಂದ ರಕ್ಷಕ, ತ್ಯಾಗ, ವೀರತಾ, ನಡುವೆ ಅಮರ ಚಕ್ರ. ತ್ಯಾಗ ಚಕ್ರದ ಗೋಡೆಗಳ ಮೇಲೆ ಗ್ರಾನೈಟ್ ಫಲಕಗಳು. ಒಂದೊಂದು ಫಲಕಕ್ಕೂ ಒಬ್ಬ ಯೋಧನ ಹೆಸರು. 25,000ಕ್ಕೂ ಹೆಚ್ಚು ಹೆಸರು.

ಇಲ್ಲಿ ಗುಂಪುಗಳು ಮಾಡುವ ತಪ್ಪು ಎಂದರೆ ಸುತ್ತು ಹೊಡೆದು, ಸೆಲ್ಫಿ ತೆಗೆದು, ಇಪ್ಪತ್ತು ನಿಮಿಷದಲ್ಲಿ ಹೊರಬರುವುದು. ಅಷ್ಟು ಹೆಸರಿನ ಮುಂದೆ ಮನಸ್ಸಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೆ ಒಂದು ಸಿದ್ಧತೆ ಬೇಕು. ಊರಲ್ಲಿ ಇದ್ದಾಗಲೇ ಪ್ರತಿ ಜೋಡಿಗೆ ಒಂದೊಂದು ಹೆಸರು ಕೊಡಿ, ನಿಮ್ಮ ಜಿಲ್ಲೆಯ, ಸಾಧ್ಯವಾದರೆ ನಿಮ್ಮ ತಾಲೂಕಿನ ಹುತಾತ್ಮ ಯೋಧರದು. ಸ್ಮಾರಕದ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಊರಿನ ಮಾಜಿ ಸೈನಿಕರನ್ನು ಕೇಳಿದರೆ ಅವರೇ ಹೇಳುತ್ತಾರೆ. ರೆಜಿಮೆಂಟ್, ವರ್ಷ, ಊರು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಅಲ್ಲಿ ಹೋಗಿ ಆ ಫಲಕವನ್ನು ಹುಡುಕುವುದು ಅವರ ಕೆಲಸ.

ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗನಿಗೆ ಸಿಕ್ಕಿದ್ದು ಪಕ್ಕದ ಹಳ್ಳಿಯವರ ಹೆಸರು. ಅರ್ಧ ಗಂಟೆ ಹುಡುಕಿದ. ಸಿಕ್ಕ ಮೇಲೆ ಕೂಗಿ ಕರೆಯುತ್ತಾನೆ ಅಂದುಕೊಂಡಿದ್ದೆ. ಕರೆಯಲಿಲ್ಲ. ಎರಡು ಸಲ ಓದಿದ. ಚೀಟಿ ಜೊತೆ ಹೋಲಿಸಿ ನೋಡಿದ. ಆಮೇಲೆ ಬಗ್ಗಿ ಶೂ ಬಿಚ್ಚಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ರಿಟ್ರೀಟ್ ಸಮಾರಂಭ ಇರುತ್ತದೆ. ಅರ್ಧ ಗಂಟೆ ಮುಂಚೆ ಎಲ್ಲರೂ ಜಾಗ ಹಿಡಿದು ನಿಂತಿರಲಿ. ಪಕ್ಕದಲ್ಲೇ ಪರಮ ಯೋಧ ಸ್ಥಳ ಇದೆ, ಪರಮವೀರ ಚಕ್ರ ಪಡೆದ 21 ಜನರ ಎದೆಮಟ್ಟದ ಪ್ರತಿಮೆಗಳು. ಅದನ್ನು ಸಮಾರಂಭಕ್ಕೆ ಮುಂಚೆಯೇ ನೋಡಿ ಮುಗಿಸಿ. ಒಟ್ಟು ಎರಡೂವರೆ ಗಂಟೆ ಇಲ್ಲಿಗೆ ಇಡಿ. ಬೇರೆ ಯಾವುದನ್ನು ಬಿಟ್ಟರೂ ಇದಕ್ಕೆ ಸಮಯ ಕಡಿಮೆ ಮಾಡಬೇಡಿ.

*ಶುಕ್ರವಾರ: ಉಳಿದದ್ದು*

ಬೆಳಿಗ್ಗೆ ಅಲಿಪುರ ರಸ್ತೆ 26ರ ಅಂಬೇಡ್ಕರ್ ಸ್ಮಾರಕ. 1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ಕೊನೆಯುಸಿರೆಳೆದ ಜಾಗ. ಕಟ್ಟಡವನ್ನೇ ತೆರೆದ ಪುಸ್ತಕದ ಆಕಾರದಲ್ಲಿ ಕಟ್ಟಿದ್ದಾರೆ. ಪ್ರವಾಸಿ ಬಸ್ಸುಗಳ ಪಟ್ಟಿಯಲ್ಲಿ ಇದು ಇರುವುದೇ ಅಪರೂಪ, ನೀವೇ ಸೇರಿಸಬೇಕು. ಮಧ್ಯಾಹ್ನ ಹುಮಾಯೂನ್ ಸಮಾಧಿ. 1857ರಲ್ಲಿ ಜಫರ್ ಸೆರೆಯಾದದ್ದು ಅಲ್ಲಿ, ಬುಧವಾರ ನೋಡಿದ ಕಥೆಯ ಇನ್ನೊಂದು ತುದಿ. ನಿಜಾಮುದ್ದೀನ್ ಸ್ಟೇಷನ್ ಅಲ್ಲಿಂದ ಹತ್ತಿರ. ಉಳಿದ ಹೊತ್ತು ಮಾರ್ಕೆಟ್ಟಿಗೆ.

ಹಂತ 8: ಹೊರಡುವ ಮುಂಚೆ ಒಂದು ಸಭೆ

ವಾರದ ಮುಂಚೆ ಎಲ್ಲರನ್ನೂ ಒಂದು ಕಡೆ ಸೇರಿಸಿ. ವಾಟ್ಸಾಪ್ ಮೆಸೇಜು ಸಾಲದು, ಓದುವವರು ಕಡಿಮೆ.

ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ, ಒಬ್ಬ ಜೊತೆಗಾರನನ್ನು ಕೊಡಿ. ಆರೇಳು ಜನಕ್ಕೆ ಒಬ್ಬ ಮುಂದಾಳು. ನಂಬರ್ ಕೂಗಿಸಿ ಎಣಿಸುವುದನ್ನು ಅಲ್ಲೇ ಮೂರು ಸಲ ಅಭ್ಯಾಸ ಮಾಡಿಸಿ. ನಲವತ್ತೆರಡು ಜನರ ಎಣಿಕೆ ಒಂದು ನಿಮಿಷದೊಳಗೆ ಮುಗಿಯಬೇಕು.

ಒಂದೊಂದು ಚಿಕ್ಕ ತಂಡಕ್ಕೆ ಒಂದೊಂದು ಜಾಗ ವಹಿಸಿ. ಆ ಜಾಗದ ಮುಂದೆ ನಿಂತು ಐದು ನಿಮಿಷ ಕನ್ನಡದಲ್ಲಿ ಹೇಳುವುದು ಅವರ ಜವಾಬ್ದಾರಿ. ಅಲ್ಲಿ ಸಿಗುವ ಗೈಡು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಗಡಿಬಿಡಿಯಲ್ಲಿ ಹೇಳುವುದಕ್ಕಿಂತ ಹತ್ತನೇ ಕ್ಲಾಸಿನ ಹುಡುಗಿ ತಡವರಿಸಿ ಹೇಳಿದ್ದು ಜಾಸ್ತಿ ನೆನಪಿರುತ್ತದೆ. ಗೈಡು ಬೇಕೇ ಬೇಕು ಎಂದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ನೋಡಿ, ಹಣ ಮೊದಲೇ ಮಾತಾಡಿ.

ಬ್ಯಾಗಿನ ಮಾತು ಖಂಡಿತ ಹೇಳಿ. ಮೆಟ್ರೋಗೂ ಸ್ಮಾರಕಗಳಿಗೂ ಬ್ಯಾಗು ತಪಾಸಣೆ ಇದೆ. ಬೆಂಕಿಪೊಟ್ಟಣ, ಲೈಟರ್, ಚಾಕು, ಎಲೆಅಡಿಕೆ ಚೀಲದಲ್ಲಿ ಇರುವ ಅಡಕತ್ತರಿ, ಎಲ್ಲ ರೂಮಿನಲ್ಲೇ ಇರಲಿ. ತಂಡಕ್ಕೆ ಒಂದೇ ಬ್ಯಾಗು ಸಾಕು, ನೀರು ಮತ್ತು ಮಾತ್ರೆಗೆ.

ಹಂತ 9: ಅಲ್ಲಿ ಗುಂಪು ನಡೆಸುವುದು

ಎಣಿಕೆ ಬಸ್ಸಿನೊಳಗೆ ಮಾಡಿ, ಹೊರಗೆ ನಿಲ್ಲಿಸಿ ಮಾಡಬೇಡಿ. ಬಾವುಟ ಹಿಡಿದವರು ಮುಂದೆ, ಊರಿನ ಅತಿ ತಾಳ್ಮೆಯ ಮನುಷ್ಯ ಎಲ್ಲರಿಗಿಂತ ಹಿಂದೆ.

ಮೆಟ್ರೋದಲ್ಲಿ ಬಾಗಿಲು ಯಾರಿಗೂ ಕಾಯುವುದಿಲ್ಲ. ನಿಯಮ ಹೀಗಿರಲಿ: ಪ್ಲಾಟ್‌ಫಾರಂನಲ್ಲಿ ಉಳಿದವರು ಅಲ್ಲೇ ನಿಲ್ಲಬೇಕು, ಮುಂದಿನ ರೈಲು ಹತ್ತಬಾರದು. ಒಳಗೆ ಹೋದವರಲ್ಲಿ ಒಬ್ಬ ಮುಂದಾಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬರುತ್ತಾರೆ. ಮೊದಲ ಬೋಗಿ ಹೆಂಗಸರಿಗೆ ಮೀಸಲು. ಗೊತ್ತಿಲ್ಲದೆ ಗಂಡಸರು ಹತ್ತಿದರೆ ದಂಡ.

"ಇವತ್ತು ಕೋಟೆ ಬಂದ್, ಬನ್ನಿ ಬೇರೆ ತೋರಿಸ್ತೀನಿ" ಎಂದು ರಸ್ತೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲ ತನಕ ಹೋಗಿ ಕಣ್ಣಾರೆ ನೋಡಿ. ತುರ್ತಿಗೆ 112. ಈ ನಂಬರ್, ಹೋಟೆಲಿನ ವಿಳಾಸ ಹಿಂದಿಯಲ್ಲಿ, ಮುಂದಾಳಿನ ಫೋನು, ಇಷ್ಟನ್ನು ಬರೆದ ಚೀಟಿ ಎಲ್ಲರ ಜೇಬಿನಲ್ಲಿರಲಿ.

ಕೆಡುವ ಮುನ್ಸೂಚನೆಗಳು

ಇವು ಕಂಡ ಕೂಡಲೇ ಪಟ್ಟಿಯಿಂದ ಒಂದು ಜಾಗ ತೆಗೆದುಹಾಕಿ.

ಹನ್ನೊಂದು ಗಂಟೆಗೇ ಹಿರಿಯರು ಕಟ್ಟೆ ಹುಡುಕಿ ಕೂರುತ್ತಿದ್ದಾರೆ. ಹೆಣ್ಣುಮಕ್ಕಳು ನೀರು ಕುಡಿಯುವುದು ನಿಲ್ಲಿಸಿದ್ದಾರೆ. ಹಾಗಿದ್ದರೆ ಶೌಚಾಲಯ ಎಲ್ಲಿದೆ ಎಂದು ನೀವು ಹೇಳಿಲ್ಲ, ತಕ್ಷಣ ಹೋಗಿ ತೋರಿಸಿ. ಮಕ್ಕಳು ಮುಂದಿನ ಜಾಗ ಯಾವುದು ಎಂದು ಕೇಳುವುದನ್ನು ಬಿಟ್ಟು ಊಟ ಯಾವಾಗ ಎಂದು ಕೇಳುತ್ತಿದ್ದಾರೆ. ಬಸ್ಸಿನ ಡ್ರೈವರ್ ದಾರಿಯಲ್ಲಿ ಯಾರಿಗೋ ಪದೇ ಪದೇ ಫೋನ್ ಮಾಡುತ್ತಿದ್ದಾನೆ, ಗಾಡಿ ಅಂಗಡಿಯ ಕಡೆ ತಿರುಗಲಿದೆ ಎಂದೇ ಲೆಕ್ಕ. ಮೊದಲನೆಯ ಜಾಗದಲ್ಲೇ ಮುಕ್ಕಾಲು ಗಂಟೆ ತಡವಾಗಿದೆ. ಹಾಗಾದಾಗ ಎಲ್ಲವನ್ನೂ ಓಡಿಸಿ ಸರಿದೂಗಿಸಲು ಹೋಗಬೇಡಿ. ಕೊನೆಯದನ್ನು ಬಿಟ್ಟುಬಿಡಿ.

ಯಾವುದನ್ನು ಬಿಡುವುದು ಎಂದು ಊರಲ್ಲೇ ತೀರ್ಮಾನ ಮಾಡಿಟ್ಟಿರಿ. ರಸ್ತೆಯಲ್ಲಿ ನಿಂತು ನಲವತ್ತು ಜನರನ್ನು ಕೇಳಿದರೆ ನಲವತ್ತು ಉತ್ತರ ಬರುತ್ತದೆ.

ಹಂತ 10: ವಾಪಸು

ಶುಕ್ರವಾರ ಸಂಜೆ ರೈಲಿನ ಹೊತ್ತಿಗೆ ಎರಡು ಗಂಟೆ ಮುಂಚೆ ಸ್ಟೇಷನ್ನಿನಲ್ಲಿರಿ. ಸಂಜೆಯ ಟ್ರಾಫಿಕ್ ನಂಬುವ ಹಾಗಿಲ್ಲ. ರಾತ್ರಿ ಊಟದ ಪೊಟ್ಟಣ ಹೋಟೆಲಿನಿಂದಲೇ ಕಟ್ಟಿಸಿಕೊಳ್ಳಿ.

ರೈಲು ಹೊರಟ ಮೇಲೆ ನೋಟ್‌ಬುಕ್ ತೆಗೆದು ಲೆಕ್ಕ ಬರೆದು ಮುಗಿಸಿ. ಮನೆಗೆ ಹೋದ ಮೇಲೆ ರಸೀದಿಗಳು ಸಿಗುವುದಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರ ಮುಂದೆ ಓದಿ ಹೇಳಿ, ಉಳಿದ ಹಣ ಅಲ್ಲೇ ಹಂಚಿ. ಯುದ್ಧ ಸ್ಮಾರಕಕ್ಕೆ ಬರೆದುಕೊಂಡು ಹೋಗಿದ್ದ ಚೀಟಿಗಳನ್ನು ಸೇರಿಸಿಟ್ಟುಕೊಳ್ಳಿ. ಆ ಯೋಧರ ಮನೆಯವರು ನಿಮ್ಮ ತಾಲೂಕಿನಲ್ಲೇ ಇರುತ್ತಾರೆ. ಫಲಕದ ಒಂದು ಫೋಟೋ ಪ್ರಿಂಟ್ ಹಾಕಿಸಿ, ಹೋದ ವಾರ ಅಲ್ಲಿ ನಿಂತಿದ್ದ ಮಕ್ಕಳ ಕೈಯಲ್ಲೇ ಅದನ್ನು ಆ ಮನೆಗೆ ಕಳಿಸಿ.